‘ಪೀನಟ್ ವೆಂಡರ್’ ರುಂಬಾ ಹಾಡು ಅಲ್ವಾ?

ಪ್ರಶ್ನೆ: ಅಮೆರಿಕದ ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ‘ದಿ ಪೀನಟ್ ವೆಂಡರ್’ ಮೂಲದಲ್ಲಿ ಕ್ಯೂಬಾದ ರುಂಬಾ ಅಂತೆ. ಅದು ಜಾಝ್‌ಗೆ ಬಂದದ್ದು ಹೇಗೆ?

ಮತ್ತೆ ರುಂಬಾ! ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಕ್ಯೂಬಾದ್ದು ಹೌದು. ರುಂಬಾ ಅಲ್ಲ.

ಹಾಡಿನ ಮೂಲ ಹೆಸರು ‘ಎಲ್ ಮನಿಸೆರೊ’. ‘ಮನಿ’ ಅಂದರೆ ಕಡಲೆಕಾಯಿ, ದುಡ್ಡಲ್ಲ. ಬರೆದವರು ಹವಾನಾದ ಮೊಯಿಸೆಸ್ ಸಿಮೊನ್ಸ್. ಬೀದಿ ವ್ಯಾಪಾರಿಗಳ ಕೂಗಿನಿಂದ ಕಟ್ಟಿದ ಹಾಡಿಗೆ ಅಲ್ಲಿ ಪ್ರೆಗೋನ್ ಅನ್ನುತ್ತಾರೆ. ನಮ್ಮ ಕಡೆ ಬೆಳಿಗ್ಗೆ ‘ಸೊಪ್ಪೂ...’ ಅಂತ ಎಳೆಯುತ್ತಾರಲ್ಲ, ಹಾಗೆ ‘ಮನೀ...’ ಅಂತ ಎಳೆದೇ ಈ ಹಾಡು ಶುರುವಾಗುತ್ತದೆ. ಆಮೇಲೆ ಆಸಾಮಿ, ಒಂದು ಪೊಟ್ಟಣ ಬಿಸಿ ಕಡಲೆಕಾಯಿ ತಿನ್ನದೆ ಮಲಗಬೇಡಮ್ಮ ಅಂತ ಪುಸಲಾಯಿಸುತ್ತಾನೆ.

ಈಗ ಆ ರುಂಬಾ ವಿಷಯ. ನಿಜವಾದ ರುಂಬಾ ಬೆಳೆದದ್ದು ಕ್ಯೂಬಾದ ಹವಾನಾ, ಮತಾನ್ಸಾಸ್ ಊರುಗಳ ಬಂದರು ಕೂಲಿಗಳ ವಠಾರಗಳಲ್ಲಿ. ಅದರಲ್ಲಿ ಇರುವುದು ಕಂಠ, ಡೋಲು, ಮರದ ಕೋಲು ಅಷ್ಟೇ. ಡೋಲು ಇಲ್ಲದಿದ್ದರೆ ಸರಕು ತುಂಬುವ ಖಾಲಿ ಮರದ ಪೆಟ್ಟಿಗೆಯನ್ನೇ ಬಡಿಯುತ್ತಿದ್ದರು. ಪಿಯಾನೊ ಇಲ್ಲ, ಟ್ರಂಪೆಟ್ ಇಲ್ಲ. ‘ಎಲ್ ಮನಿಸೆರೊ’ ಸೋನ್ ಅನ್ನುವ ಬೇರೆಯೇ ಪ್ರಕಾರದ್ದು. ಸೋನ್ ಹುಟ್ಟಿದ್ದು ದ್ವೀಪದ ಪೂರ್ವ ಭಾಗದಲ್ಲಿ, ತಂತಿವಾದ್ಯ ಮತ್ತು ಬೊಂಗೊ ಅನ್ನುವ ಜೋಡಿ ಡೋಲಿನ ಜೊತೆ. ಹಾಗಾದರೆ ಗೊಂದಲ ಎಲ್ಲಿಂದ ಬಂತು? ರೆಕಾರ್ಡಿನ ಮೇಲೆ ಅಂಟಿಸಿದ ಚೀಟಿಯಿಂದ! 1930ರ ಮೇನಲ್ಲಿ ದೊನ್ ಅಸ್ಪಿಯಾಸು ಅವರ ವಾದ್ಯಗೋಷ್ಠಿ ನ್ಯೂಯಾರ್ಕ್‌ನಲ್ಲಿ ಇದನ್ನು ರೆಕಾರ್ಡ್ ಮಾಡಿತು. ಹಾಡಿದವರು ಆಂತೊನಿಯೊ ಮಚೀನ್. ಚೀಟಿಯಲ್ಲಿ ‘ರುಂಬಾ ಫಾಕ್ಸ್ ಟ್ರಾಟ್’ ಅಂತ ಅಚ್ಚಾಯಿತು (ಫಾಕ್ಸ್ ಟ್ರಾಟ್ ಅಂದರೆ ಜೋಡಿಯಾಗಿ ಕುಣಿಯುವ ಒಂದು ನೃತ್ಯ). ‘ಸೋನ್’ ಅಂದರೆ ಇಂಗ್ಲಿಷಿನವರಿಗೆ ‘ಸಾಂಗ್’ ಅಂತ ಕೇಳಿಸೀತು, ರುಂಬಾ ಅಂದರೆ ಮಜವಾಗಿರುತ್ತೆ, ಜಾಸ್ತಿ ಮಾರಾಟವಾಗುತ್ತೆ, ಇಷ್ಟೇ ಲೆಕ್ಕಾಚಾರ. ಪೊಟ್ಟಣದ ಮೇಲಿನ ಹೆಸರು ನೋಡಿ ಒಳಗಿನ ಕಾಳು ಯಾವುದು ಅಂತ ಹೇಳೋಕಾಗುತ್ತಾ?

ಜಾಝ್‌ಗೆ ಬರೋಕೆ ವರ್ಷವೂ ಹಿಡಿಯಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಹಾಡಿದರು, ‘ಮನೀ’ ಅನ್ನುವುದನ್ನು ‘ಮರೀ’ ಅಂತ ಹುಡುಗಿಯ ಹೆಸರೇ ಮಾಡಿಬಿಟ್ಟರು. 1947ರಲ್ಲಿ ಅಮೆರಿಕದ ಜಾಝ್ ವಾದ್ಯಗೋಷ್ಠಿಯ ನಾಯಕ ಸ್ಟ್ಯಾನ್ ಕೆಂಟನ್ ಮಾತೆಲ್ಲ ಕಿತ್ತುಹಾಕಿ, ಕಿವಿ ನಿಮಿರುವ ಹಾಗೆ ಹಿತ್ತಾಳೆ ವಾದ್ಯಗಳನ್ನು ಮೊಳಗಿಸಿದರು. ಜಾಝ್‌ನವರಿಗೆ ಇದು ಯಾಕಿಷ್ಟು ಒಗ್ಗಿತು ಅಂದರೆ, ಹಾಡಿನ ಅಡಿಯಲ್ಲಿ ಎರಡೇ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಒಂದು ಸಣ್ಣ ತುಣುಕು ಸುತ್ತುತ್ತಾ ಇರುತ್ತದೆ. ತಬಲಾ ಸೋಲೋಗೆ ಹಾರ್ಮೋನಿಯಂನಲ್ಲಿ ಲೆಹರಾ ಹಿಡಿದ ಹಾಗೆ. ಅದರ ಮೇಲೆ ಎಷ್ಟು ಹೊತ್ತು ಬೇಕಾದರೂ ಆಟ ಆಡಬಹುದು.

ಕೇಳಿದ್ದು ಇಷ್ಟೇ. ಆದರೂ ಆ ಚೀಟಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ ಅಂತ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1933ರಿಂದ ಜಿ.ವಿ. ಅನ್ನುವ ಸರಣಿಯಲ್ಲಿ ಕ್ಯೂಬಾದ ರೆಕಾರ್ಡುಗಳು ಆಫ್ರಿಕಾಕ್ಕೆ ಹೋದವು, ಕಡಲೆಕಾಯಿಯವನೂ ಹೋದ. ಕಾಂಗೋ ನದಿಯ ಎರಡೂ ದಡದವರು ಕೇಳಿ ಮೆಚ್ಚಿ, ಅದರಿಂದ ತಮ್ಮದೇ ಸಂಗೀತ ಬೆಳೆಸಿ, ಅದಕ್ಕೂ ರುಂಬಾ ಅಂತಲೇ ಹೆಸರಿಟ್ಟರು. ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಕ್ಯೂಬಾದ ರುಂಬಾ 2016ರಲ್ಲಿ ಸೇರಿತು, ಕಾಂಗೋದ್ದು 2021ರಲ್ಲಿ. ಒಂದಾದ ಮೇಲೊಂದು ಕೇಳಿ ನೋಡಿ. ಮೊದಲನೆಯದರಲ್ಲಿ ಗಿಟಾರ್ ಹುಡುಕಿದರೂ ಸಿಗಲ್ಲ, ಎರಡನೆಯದರಲ್ಲಿ ಗಿಟಾರ್ ನಿಲ್ಲೋದೇ ಇಲ್ಲ.