ಮೂರು ನಿಮಿಷಕ್ಕೆ ನೂರು ಸುತ್ತು

ಮೈಸೂರಿನ ಸರಸ್ವತಿಪುರಂನ ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರು ಕಳೆದ ಮಳೆಗಾಲದಲ್ಲಿ ಮಗನೊಂದಿಗೆ ನನ್ನ ದುರಸ್ತಿ ಕೋಣೆಗೆ ಬಂದರು. ಮಗನ ಕೈಯಲ್ಲಿ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಇತ್ತು, ತಾಯಿಯ ಕೈಯಲ್ಲಿ ಶ್ರುತಿಪೆಟ್ಟಿಗೆ. ಯಂತ್ರವನ್ನು ಜೋಡಿಸಿದವನು ಮಗ. ಬೆಲ್ಟ್‌ನಿಂದ ತಿರುಗುವ, 1970ರ ದಶಕದ ಯುರೋಪಿನ ಯಂತ್ರವೊಂದರ ಚೌಕಟ್ಟು ಅವನಿಗೆ ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿತ್ತು. ಮೋಟಾರು, ಅದರ ಮೇಲೆ ಕೂತು ಬೆಲ್ಟನ್ನು ಓಡಿಸುವ ಸಣ್ಣ ಗಾಲಿಯಾದ ಪುಲ್ಲಿ ಮತ್ತು ವೇಗ ನೋಡುವ ಸ್ಟ್ರೋಬ್ ತಟ್ಟೆ ಅಮೆರಿಕದಿಂದ ಅಂಚೆಯಲ್ಲಿ ಬಂದಿದ್ದವು. ಸೂಜಿಯನ್ನು ಹಿಡಿಯುವ ತೋಳು ಜಪಾನಿನ ಬೇರೊಂದು ಯಂತ್ರದ್ದು. ಕೆಳಗಿನ ಪೆಟ್ಟಿಗೆಯನ್ನು ಮಾತ್ರ ಮೈಸೂರಿನ ಬಡಗಿಯೊಬ್ಬರು ಬೀಟೆ ಮರದ ಅಂಚು ಕೂಡಿಸಿ ಅಂದವಾಗಿ ಮಾಡಿಕೊಟ್ಟಿದ್ದರು.

"ಈ ರೆಕಾರ್ಡಿನ ಗಾಯಕಿ ಐದೂವರೆ ಮನೆ ಶ್ರುತಿಯಲ್ಲಿ ಹಾಡುವವರು, ಎದುರಿಗೆ ಕುಳಿತು ಕೇಳಿದ್ದೇನೆ. ಇದರಲ್ಲಿ ನಾಲ್ಕಕ್ಕೆ ಇಳಿದುಬಿಟ್ಟಿದ್ದಾರೆ ಸರ್" ಎಂದರು ಶಿಕ್ಷಕಿ. ಸ್ಟ್ರೋಬ್ ಗೆರೆಗಳು ಕದಲದೆ ನಿಲ್ಲುತ್ತವೆ, ವೇಗ ಸರಿಯಾಗಿಯೇ ಇದೆ, ಹಳೆಯ ರೆಕಾರ್ಡ್ ಆದ್ದರಿಂದ ದನಿ ದಪ್ಪವಾಗಿ ಕೇಳುತ್ತದೆ ಎಂಬುದು ಮಗನ ವಾದ.

ಐದೂವರೆಯಿಂದ ನಾಲ್ಕಕ್ಕೆ ಇಳಿಯುವುದೆಂದರೆ ಮೂರು ಸ್ವರಸ್ಥಾನ ಕೆಳಗೆ ಬಂದಂತೆ, ಅಂದರೆ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವಷ್ಟು ಅಂತರ. ಅನುಪಾತದಲ್ಲಿ ಅದು ಆರಕ್ಕೆ ಐದು. ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 60 ಹರ್ಟ್ಜ್, ನಮ್ಮದು 50. ಅದೂ ಆರಕ್ಕೆ ಐದೇ. ಹೀಗಾಗಿ ಯಂತ್ರವನ್ನು ಬಿಚ್ಚುವ ಮೊದಲೇ ನನ್ನ ಅನುಮಾನ ಪುಲ್ಲಿಯ ಮೇಲೆ ನಿಂತಿತು. ಈ ಬಗೆಯ ಯಂತ್ರಗಳ ಸಿಂಕ್ರೊನಸ್ ಮೋಟಾರಿಗೆ ವೇಗವನ್ನು ಹೇಳುವುದು ವೋಲ್ಟೇಜ್ ಅಲ್ಲ, ಆವರ್ತನ. ಹದಿನಾರು ಧ್ರುವಗಳ ಮೋಟಾರು 60 ಹರ್ಟ್ಜ್‌ನಲ್ಲಿ ನಿಮಿಷಕ್ಕೆ 450 ಸುತ್ತು ತಿರುಗಿದರೆ 50ರಲ್ಲಿ ತಿರುಗುವುದು 375 ಸುತ್ತು ಮಾತ್ರ, ಆದ್ದರಿಂದಲೇ ತಯಾರಕರು ಎರಡು ಪ್ರದೇಶಗಳಿಗೆ ಎರಡು ಅಳತೆಯ ಪುಲ್ಲಿಗಳನ್ನು ಕೊಡುತ್ತಿದ್ದರು. ಮಗ ಎಚ್ಚರ ತಪ್ಪಿದವನೇನಲ್ಲ. 110 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿಯೇ ಮೋಟಾರು ಓಡಿಸಿದ್ದ. ಆದರೆ ಟ್ರಾನ್ಸ್‌ಫಾರ್ಮರ್ ಆವರ್ತನವನ್ನು ಮುಟ್ಟುವುದಿಲ್ಲ. ಎಲ್‌ಪಿ ರೆಕಾರ್ಡಿಗೆ ಬೇಕಾದ 33⅓ರ ಬದಲು, ರೆಕಾರ್ಡ್ ಕೂರುವ ತಟ್ಟೆ ನಿಮಿಷಕ್ಕೆ 27.8 ಸುತ್ತು ತಿರುಗುತ್ತಿತ್ತು.

ಹಾಗಾದರೆ ಸ್ಟ್ರೋಬ್ ಸರಿಯೆಂದು ತೋರಿಸಿದ್ದು ಹೇಗೆ? ಬಲ್ಬಿನ ಒಂದು ಮಿನುಗಿನಿಂದ ಇನ್ನೊಂದಕ್ಕೆ ಸ್ಟ್ರೋಬ್ ತಟ್ಟೆ ಸರಿಯಾಗಿ ಒಂದು ಗೆರೆಯಷ್ಟು ಸರಿದರೆ ಗೆರೆಗಳು ನಿಂತಂತೆ ಕಾಣುತ್ತವೆ. 50 ಹರ್ಟ್ಜ್‌ನಲ್ಲಿ ತಂತಿ ಉರಿಯುವ ಹಳೆಯ ಬಲ್ಬ್ ಸೆಕೆಂಡಿಗೆ 100 ಬಾರಿ, ನಿಮಿಷಕ್ಕೆ 6,000 ಬಾರಿ ಮಿನುಗುತ್ತದೆ; ಅದನ್ನು 33⅓ರಿಂದ ಭಾಗಿಸಿದರೆ 180 ಬರುತ್ತದೆ, ನಮ್ಮಲ್ಲಿ ಬಳಸುವ ಸ್ಟ್ರೋಬ್ ತಟ್ಟೆಯಲ್ಲಿ ಇರಬೇಕಾದ ಗೆರೆಗಳು ಅಷ್ಟೇ. ಅಮೆರಿಕದ ತಟ್ಟೆಯಲ್ಲಿ 216 ಗೆರೆ ಇರುತ್ತವೆ. ಆ 216 ಗೆರೆಗಳು ನಮ್ಮ ಬಲ್ಬಿನ ಬೆಳಕಿನಲ್ಲಿ ಸ್ಥಿರವಾಗಿ ನಿಂತಂತೆ ಕಾಣುವ ವೇಗ ಎಷ್ಟು ಎಂದು ಲೆಕ್ಕ ಹಾಕಿ ನೋಡಿ: 27.8. ಒಂದೇ ಊರಿನಿಂದ ಬಂದ ಎರಡು ತಪ್ಪು ಭಾಗಗಳು ಒಂದರ ಪರವಾಗಿ ಇನ್ನೊಂದು ಸಾಕ್ಷಿ ಹೇಳುತ್ತಿದ್ದವು. (ಈಗಿನ ಎಲ್‌ಇಡಿ ಬಲ್ಬಿನ ಕೆಳಗೆ ಸ್ಟ್ರೋಬ್ ತಟ್ಟೆಯನ್ನು ಹಿಡಿಯಲೇಬೇಡಿ, ಹಲವು ಬಲ್ಬುಗಳ ಒಳಗಿನ ಸರ್ಕ್ಯೂಟ್ ಈ ಮಿನುಗನ್ನೇ ಅಳಿಸಿಬಿಟ್ಟಿರುತ್ತದೆ.)

ಬಿಡಿಭಾಗಗಳಿಂದ ಕಟ್ಟಿದ ಯಂತ್ರವನ್ನು ಪರೀಕ್ಷಿಸಲು ಆ ಭಾಗಗಳ ಜೊತೆ ಬಂದ ಸಾಧನವನ್ನು ನಾನು ನಂಬುವುದಿಲ್ಲ. ರೆಕಾರ್ಡಿನ ಲೇಬಲ್ ಮೇಲೆ ಸಣ್ಣ ಕಾಗದದ ಚೂರು ಅಂಟಿಸಿ, ಸೂಜಿಯನ್ನು ಗ್ರೂವ್‌ನಲ್ಲಿ ಇಳಿಸಿದ ಸ್ಥಿತಿಯಲ್ಲೇ, ಗೋಡೆ ಗಡಿಯಾರ ನೋಡಿಕೊಂಡು ಮೂರು ನಿಮಿಷ ಸುತ್ತು ಎಣಿಸಿದರೆ ಸರಿಯಾಗಿ 100 ಬರಬೇಕು. ಅಂದು ಮೂವರೂ ಎಣಿಸಿದೆವು, ಬಂದದ್ದು 83.

ಸರಿಯಾದ ಪುಲ್ಲಿ ವಿದೇಶದಿಂದ ಬರಲು ವಾರಗಟ್ಟಲೆ ಕಾಯಬೇಕಿತ್ತು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನಗೆ ಪರಿಚಯದ ಲೇತ್ ಕೆಲಸಗಾರರಿದ್ದಾರೆ, ಅವರಿಂದ ಹಿತ್ತಾಳೆಯಲ್ಲಿ ಕಡೆಸೋಣವೆಂದು ಹೊರಟೆ, ಮತ್ತು ಅಲ್ಲಿ ನಾನೇ ಎಡವಿದೆ. ಹಳೆಯ ಪುಲ್ಲಿಯ ವ್ಯಾಸ 10 ಮಿಲಿಮೀಟರ್. ಆರಕ್ಕೆ ಐದರ ಲೆಕ್ಕದಲ್ಲಿ 12 ಎಂದು ಬರೆದುಕೊಟ್ಟೆ. ಹೊಸ ಪುಲ್ಲಿ ಕೂರಿಸಿ ಎಣಿಸಿದಾಗ 99 ಸುತ್ತು ಬಂತು. ಬೆಲ್ಟ್‌ಗೂ ದಪ್ಪವಿದೆ ಎಂಬುದನ್ನು ಮರೆತಿದ್ದೆ. ಬೆಲ್ಟ್ ನಿಜವಾಗಿ ಚಲಿಸುವುದು ಅದರ ದಪ್ಪದ ನಡುಗೆರೆಯ ಮೇಲೆ, ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ವ್ಯಾಸ ಪುಲ್ಲಿಯದೂ ಬೆಲ್ಟ್‌ನ ದಪ್ಪವೂ ಕೂಡಿದ ಮೊತ್ತ. ಬೆಲ್ಟ್ 0.6 ಮಿಲಿಮೀಟರ್ ಇದ್ದುದರಿಂದ 10.6ನ್ನು 1.2ರಿಂದ ಗುಣಿಸಿ, ಬಂದ 12.72ರಿಂದ ಮತ್ತೆ 0.6 ಕಳೆದರೆ 12.12 ಆಗುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ. ಆದರೆ ನೂರಕ್ಕೆ ಒಂದು ಸುತ್ತು ನುಂಗಿಹಾಕಲು ಅಷ್ಟೇ ಸಾಕು. ಎರಡನೆಯ ಪುಲ್ಲಿಯ ಮೈಯನ್ನು ನಡುವಿನಲ್ಲಿ ತುಸು ಉಬ್ಬಿಸಿ ಕಡೆಸಿದೆ, ಏಕೆಂದರೆ ಮಟ್ಟಸವಾದ ಪುಲ್ಲಿಯ ಮೇಲೆ ಬೆಲ್ಟ್ ಅತ್ತಿತ್ತ ಜಾರುತ್ತದೆ, ಉಬ್ಬಿದ್ದರೆ ತಾನಾಗಿ ನಡುವಿಗೆ ಬಂದು ಕೂರುತ್ತದೆ. 60 ಹರ್ಟ್ಜ್‌ನ ಮೋಟಾರು 50ರಲ್ಲಿ ಹೆಚ್ಚು ವಿದ್ಯುತ್ ಎಳೆದು ಬಿಸಿಯಾಗುವ ಸಂಭವವಿದ್ದುದರಿಂದ ಎರಡು ಗಂಟೆ ಓಡಿಸಿ, ಮುಟ್ಟಿ ನೋಡಿ, ವೋಲ್ಟೇಜನ್ನು ಇನ್ನೂ ಕೊಂಚ ಇಳಿಸಿದೆ.

ಸರಾಸರಿ ವೇಗ ಸರಿಯಿದ್ದರೂ ದನಿ ಅಲುಗಾಡಬಹುದು. ಅದಕ್ಕೆ ವೀಣೆಯ ರೆಕಾರ್ಡ್ ಹಾಕಿ, ಮೀಟಿದ ಮೇಲೆ ಉದ್ದಕ್ಕೆ ಉಳಿಯುವ ಒಂದೇ ಸ್ವರಕ್ಕೆ ಕಿವಿಗೊಡುವುದು ನನ್ನ ರೂಢಿ. ಅಲುಗಾಟ 1.8 ಸೆಕೆಂಡಿಗೊಮ್ಮೆ ಮರಳಿ ಬರುತ್ತಿದ್ದರೆ, ಅದು ತಟ್ಟೆಯ ಒಂದು ಸುತ್ತಿನ ಕಾಲವಾದ್ದರಿಂದ, ತಟ್ಟೆಯನ್ನೋ ರೆಕಾರ್ಡಿನ ನಡುರಂಧ್ರವನ್ನೋ ಅನುಮಾನಿಸಬೇಕು. ಸೆಕೆಂಡಿಗೆ ಆರು ಬಾರಿಯಷ್ಟು ವೇಗವಾಗಿ ನಡುಗಿದರೆ ಪುಲ್ಲಿ ಓರೆಯಾಗಿದೆ. ಹೊತ್ತುಗೊತ್ತಿಲ್ಲದೆ ಬಂದು ಹೋದರೆ ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಬೇರಿಂಗ್‌ನ ಹಳೆಯ ಎಣ್ಣೆ ಅಂಟಾಗಿದೆ. ಇಲ್ಲಿ ಆಗಿದ್ದುದು ಎಣ್ಣೆಯ ತೊಂದರೆ. ಒರೆಸಿ ಹೊಸದು ಹಾಕಿದ್ದರಿಂದ ಮುಗಿಯಿತು.

ತೋಳಿನ ವಿಷಯ ಅಷ್ಟು ಸುಲಭವಿರಲಿಲ್ಲ. ಕಛೇರಿಯ ಕೊನೆಯ ತಿಲ್ಲಾನ, ಮಂಗಳಗಳು ಎಲ್‌ಪಿಯಲ್ಲಿ ಸಾಮಾನ್ಯವಾಗಿ ನಡುವಿನ ಸಣ್ಣ ಸುತ್ತುಗಳಿಗೆ ಬರುತ್ತವೆ, ಅಲ್ಲಿಗೆ ಬಂದಾಗಲೆಲ್ಲ ಗಾಯಕಿಯ ಸಕಾರಗಳು ಸೀಳುತ್ತಿದ್ದವು. ಸೂಜಿಯ ಮೇಲಿನ ಭಾರ ಸರಿಯಿತ್ತು. ತೋಳಿನ ತಿರುಗುಗೂಟದಿಂದ ತಟ್ಟೆಯ ನಡುಗೂಟಕ್ಕೆ 215 ಮಿಲಿಮೀಟರ್ ಇರಬೇಕಾದಲ್ಲಿ ತೋಳಿನ ಹಲಗೆಗೆ ತೂತು ಕೊರೆದದ್ದು 220ಕ್ಕೆ. ಸೂಜಿ ನಡುಗೂಟವನ್ನು 15 ಮಿಲಿಮೀಟರ್ ದಾಟಿ ನಿಲ್ಲುವ ಬದಲು ಹತ್ತಕ್ಕೇ ನಿಲ್ಲುತ್ತಿತ್ತು, ಇದರಿಂದ ಸೂಜಿ ಕೂರುವ ಕಾರ್ಟ್ರಿಜ್ ಗ್ರೂವ್‌ಗೆ ನೇರವಾಗಿರಬೇಕಾದ ಎರಡು ಜಾಗಗಳು ಕೈತಪ್ಪಿದ್ದವು. ಮಗ ಅಳತೆ ಮಾಡದೆ ಕೊರೆಯಿಸಿರಲಿಲ್ಲ. ಅಳತೆಯ ಕಾಗದವನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡಿದ್ದ, ಪ್ರಿಂಟರ್ ಅದನ್ನು ಪುಟದ ಗಾತ್ರಕ್ಕೆ ಹಿಗ್ಗಿಸಿತ್ತು. ಅಂಥ ಕಾಗದದ ಮೇಲೆ ನೂರು ಮಿಲಿಮೀಟರ್ ಎಂದು ಗುರುತಿಸಿದ ಗೆರೆಯನ್ನು ಮೊದಲು ಸ್ಟೀಲ್ ಸ್ಕೇಲಿನಿಂದ ಅಳೆಯಬೇಕು. ಬಡಗಿ ಹೊಸ ಹಲಗೆ ಮಾಡಿಕೊಟ್ಟರು. ಹಲಗೆಯ ತೂಕ ಬದಲಾದ್ದರಿಂದ ಚೌಕಟ್ಟನ್ನು ಹೊತ್ತ ಮೂರು ಸ್ಪ್ರಿಂಗ್‌ಗಳನ್ನೂ ಮತ್ತೆ ಹದ ಮಾಡಿ, ತಟ್ಟೆಯನ್ನು ಒತ್ತಿ ಬಿಟ್ಟರೆ ಅಡ್ಡಕ್ಕೆ ಓಲಾಡದೆ ನೇರ ಮೇಲೆ ಕೆಳಗೆ ಆಡುವಂತೆ ಮಾಡಬೇಕಾಯಿತು.

ಕೊನೆಗೆ ಉಳಿದದ್ದು, ಮನೆಯಲ್ಲಿ ಕೇಳುತ್ತದೆಂದು ಅವರು ಹೇಳಿದ ಗುಂಯ್‌ಗುಡುವ ಸದ್ದು. ತೋಳಿನ ಲೋಹವನ್ನು ಬೆರಳಿನಿಂದ ಮುಟ್ಟಿದಾಗ ಅದು ಬದಲಾದರೆ ತೋಳಿನ ಅರ್ಥ್ ತಂತಿ ಕಡಿದಿರುತ್ತದೆ. ತೋಳು ಒಳಗೆ ಸರಿದಂತೆ ಹೆಚ್ಚಾದರೆ ಮೋಟಾರಿನ ಕಾಂತಕ್ಷೇತ್ರ ಕಾರ್ಟ್ರಿಜ್‌ಗೆ ತಗುಲುತ್ತಿರುತ್ತದೆ. ನನ್ನ ಕೋಣೆಯಲ್ಲಿ ಈ ಎರಡೂ ಇರಲಿಲ್ಲ, ಸದ್ದೂ ಇರಲಿಲ್ಲ. ಅವರ ಮನೆಗೆ ಹೋಗಿ ನೋಡಿದರೆ ಹಜಾರದಲ್ಲಿ ಇದ್ದುದು ಎರಡೇ ತೂತಿನ ಹಳೆಯ ಸಾಕೆಟ್, ಅದಕ್ಕೆ ಅರ್ಥ್ ಇಲ್ಲವೇ ಇಲ್ಲ. ಮೂರು ಪಿನ್ನಿನ ಪ್ಲಗ್‌ನ ಒಂದು ಪಿನ್ ಮುರಿದು ಕೆಲಸ ನಡೆಸೋಣವೆಂದ ಮಗನಿಗೆ ನಾನು ಒಪ್ಪಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಹಿತ್ತಲಿನಿಂದ ಅರ್ಥ್ ಎಳೆಯುವವರೆಗೆ ಯಂತ್ರ ನನ್ನಲ್ಲೇ ಇತ್ತು. ಆ ಎರಡು ವಾರ ಶಿಕ್ಷಕಿ ಸಂಜೆ ಬಂದು, ಶ್ರುತಿಪೆಟ್ಟಿಗೆಯನ್ನು ಐದೂವರೆಗೆ ಇಟ್ಟುಕೊಂಡು, ಒಂದೊಂದೇ ರೆಕಾರ್ಡ್ ಕೇಳಿ ಹೋಗುತ್ತಿದ್ದರು.