ಓಮರಿನ ಅಳತೆ, ಹೋಮೆರಿನ ರಾಶಿ

ಬೈಬಲಿನ ಹಳೆಯ ಒಡಂಬಡಿಕೆಯ ಪಾಠ ಅರಣ್ಯಕಾಂಡದ 11ನೆಯ ಅಧ್ಯಾಯಕ್ಕೆ ಬಂದಾಗ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಮಾಂಸ ಬೇಕೆಂದು ಕೇಳಿದ ಮಾತ್ರಕ್ಕೆ ದೇವರು ಜನರನ್ನು ವ್ಯಾಧಿಗೆ ಗುರಿಪಡಿಸುವುದು ನ್ಯಾಯವೇ? ಇದಕ್ಕೆ ಉತ್ತರ ಬೇಕಾದವರು ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ಮೊದಲು ಓದಬೇಕು.

ಅಲ್ಲಿ, ದಾಸರಾಗಿದ್ದ ಐಗುಪ್ತದಿಂದ (ಈಜಿಪ್ಟ್) ಹೊರಟು ಬಂದ ಇಸ್ರಾಯೇಲ್ ಜನರು ಸೀನ್ ಅರಣ್ಯದಲ್ಲಿ ಹಸಿವಿನಿಂದ ಗೊಣಗುತ್ತಾರೆ. ಆ ಗೊಣಗಾಟಕ್ಕೆ ದಂಡನೆಯಿಲ್ಲ. ಸಂಜೆ ಲಾವಕ್ಕಿಗಳು ಬರುತ್ತವೆ, ಬೆಳಿಗ್ಗೆ ಮನ್ನ ಎಂಬ ಆಹಾರ ಆಕಾಶದಿಂದ ಬೀಳುತ್ತದೆ. ಆದರೆ ಮನ್ನಕ್ಕೆ ತಲೆಗೊಂದು ಓಮರ್ ಎಂಬ ಅಳತೆಯಿದೆ. ಹೆಚ್ಚು ಕೂಡಿಸಿದವನಿಗೆ ಅಳೆದು ನೋಡಿದಾಗ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ, ಅಪ್ಪಣೆ ಮೀರಿ ಮರುದಿನಕ್ಕೆಂದು ಉಳಿಸಿಕೊಂಡದ್ದು ಹುಳ ಬಿದ್ದು ನಾರಿತು. ಜನರ ನಾಯಕನಾದ ಮೋಶೆ ಸಿಟ್ಟಾದನು, ಅಷ್ಟೇ, ಯಾರೂ ಸಾಯಲಿಲ್ಲ. ಏಳನೆಯ ದಿನದ ವಿಶ್ರಾಂತಿಯಾದ ಸಬ್ಬತ್ತಿಗಾಗಿ ಆರನೆಯ ದಿನ ಎರಡರಷ್ಟು ಕೂಡಿಸಿ ಇಟ್ಟದ್ದು ಕೆಡಲಿಲ್ಲವಾದ್ದರಿಂದ, ತೆಗೆದಿಡುವುದೇ ಪಾಪವೆಂದು ಇಲ್ಲಿ ಬೋಧಿಸುವುದು ಸರಿಯಲ್ಲ. ನಾಳೆಯ ಪಾಲು ನಾಳೆ ಸಿಗುವುದೆಂಬ ಮಾತನ್ನು ನಂಬದೆ ಕೈಚಾಚುವುದನ್ನು ಈ ಕಥೆ ತಿದ್ದುತ್ತದೆ. ತಂದೆಯು ಮಗನನ್ನು ತಿದ್ದುವಂತೆ ದೇವರು ನಿಮ್ಮನ್ನು ತಿದ್ದಿದನು ಎಂದು ಧರ್ಮೋಪದೇಶಕಾಂಡದ 8ನೆಯ ಅಧ್ಯಾಯ ಹೇಳುವುದೂ ಈ ಮನ್ನದ ದಿನಗಳನ್ನು ನೆನೆದೇ.

ಅರಣ್ಯಕಾಂಡಕ್ಕೆ ಬರುವ ಹೊತ್ತಿಗೆ ಸುಮಾರು ಒಂದು ವರ್ಷ ಕಳೆದಿದೆ. ಮನ್ನ ದಿನವೂ ಬೀಳುತ್ತಿದೆ. ಈಗ ಕಾಡುತ್ತಿರುವುದು ಹಸಿವಲ್ಲ, ಐಗುಪ್ತದ ಮೀನು, ಸವತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳ ನೆನಪು. ಆ ನೆನಪಿನಲ್ಲಿ ದಾಸತ್ವದ ಸುಳಿವೇ ಇಲ್ಲದಿರುವುದು ನನ್ನನ್ನು ಪ್ರತಿಸಲವೂ ಕಲಕುತ್ತದೆ. ದೇವರು ಅವರಿಗೆ ಮಾಂಸವನ್ನು ನಿರಾಕರಿಸುವುದಿಲ್ಲ. ಒಂದು ತಿಂಗಳು, ಮೂಗಿನಿಂದ ಹೊರಬಂದು ಅಸಹ್ಯವಾಗುವವರೆಗೂ ತಿನ್ನುವಿರಿ ಎನ್ನುತ್ತಾನೆ. ಗಾಳಿಯು ಸಮುದ್ರದ ಕಡೆಯಿಂದ ಲಾವಕ್ಕಿಗಳನ್ನು ತಂದಾಗ ಜನರು ಹಗಲೆಲ್ಲ, ರಾತ್ರಿಯೆಲ್ಲ, ಮರುದಿನವೆಲ್ಲ ಕೂಡಿಸಿದರು. ಅತಿ ಕಡಿಮೆ ಕೂಡಿಸಿದವನ ಬಳಿಯೂ ಹತ್ತು ಹೋಮೆರ್ (ಓಮರಿಗಿಂತ ಬಹು ದೊಡ್ಡ ಅಳತೆ) ಇತ್ತು. ಈ ಲೆಕ್ಕವನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಏಫ ಎಂಬ ಅಳತೆಯ ಹತ್ತನೆಯ ಒಂದು ಪಾಲು ಓಮರ್, ಹೋಮೆರಿನ ಹತ್ತನೆಯ ಒಂದು ಪಾಲು ಏಫ. ಹಾಗಾದರೆ ಹತ್ತು ಹೋಮೆರ್ ಎಂದರೆ 1000 ಓಮರ್: ದಿನಕ್ಕೊಂದು ಓಮರಿನಿಂದ ಬದುಕುವುದನ್ನು ಕಲಿತಿದ್ದ ಮನುಷ್ಯನು ಸಾವಿರ ದಿನಗಳ ಅಳತೆಯನ್ನು ಎರಡು ಹಗಲು, ಒಂದು ರಾತ್ರಿಯಲ್ಲಿ ಬಾಚಿಕೊಂಡನು. ಮಾಂಸ ಇನ್ನೂ ಹಲ್ಲುಗಳ ನಡುವೆ ಇರುವಾಗಲೇ ವ್ಯಾಧಿ ಬಡಿಯಿತು. ಆಸೆಪಟ್ಟವರನ್ನು ಹೂಳಿದ ಆ ಸ್ಥಳಕ್ಕೆ ಕಿಬ್ರೋತ್ ಹತಾವಾ, ಅಂದರೆ ಆಶೆಯ ಸಮಾಧಿಗಳು ಎಂಬ ಹೆಸರಾಯಿತು. ಬೇಡಿದ್ದನ್ನು ಕೊಟ್ಟೇ ದಂಡಿಸುವ ಈ ರೀತಿಯನ್ನು 106ನೆಯ ಕೀರ್ತನೆಯೂ ಸ್ಮರಿಸುತ್ತದೆ.

ಇಷ್ಟರ ಮೇಲೂ, ಕೂಲಿ ಸಾಲದೆಂದು ಕೇಳುವ ಬಡವರ ಬಾಯಿ ಮುಚ್ಚಿಸಲು ಈ ಅಧ್ಯಾಯವನ್ನು ಬಳಸುವ ಪ್ರಸಂಗಗಳನ್ನು ನಾನು ಒಪ್ಪಲಾರೆ. ಇದೇ ಅಧ್ಯಾಯದಲ್ಲಿ ಮೋಶೆಯೂ ದೂರುತ್ತಾನೆ. ಈ ಜನರ ಭಾರವನ್ನು ಒಬ್ಬನೇ ಹೊರಲಾರೆ, ಹೀಗೆ ನಡೆಸುವುದಾದರೆ ನನ್ನನ್ನು ಕೊಂದುಬಿಡು ಎಂದು ಜನರಿಗಿಂತಲೂ ಕಟುವಾಗಿ ಮಾತಾಡುತ್ತಾನೆ. ಅವನಿಗೆ ದಂಡನೆಯಾಗುವುದಿಲ್ಲ, ಆ ಭಾರವನ್ನು ಅವನೊಂದಿಗೆ ಹೊರಲು ಎಪ್ಪತ್ತು ಮಂದಿ ಹಿರಿಯರು ನೇಮಕವಾಗುತ್ತಾರೆ.