ಹೈಚೇರಿನ ಟ್ರೇ ಮಗುವನ್ನು ಹಿಡಿದಿಡುವುದಿಲ್ಲ

ಮಗುವಿಗೆ ಯಾವ ಹೈಚೇರ್ ಕೊಳ್ಳಬೇಕೆಂದು ನನ್ನ ಚಿಕಿತ್ಸಾಲಯದಲ್ಲಿ ಕೇಳುವವರು ಬಹಳ. ಕುರ್ಚಿಯ ಕಾಲುಗಳು ಅಗಲಕ್ಕೆ ಚಾಚಿಕೊಂಡಿರಲಿ, ಪಾದ ಊರಲು ಹಲಗೆಯಿರಲಿ. ಬೆಲೆ ಮತ್ತು ಬಣ್ಣ ನಿಮ್ಮಿಷ್ಟ. ಆರು ತಿಂಗಳು ತುಂಬಿದ್ದರೂ ಕತ್ತು ನಿಲ್ಲದ, ಬೆನ್ನು ನೆಟ್ಟಗೆ ಮಾಡಿ ಕೂರಲಾಗದ ಮಗುವನ್ನು ಅದರಲ್ಲಿ ಕೂರಿಸುವ ಆತುರ ಬೇಡ.

ಎಷ್ಟು ಹೇಳಿದರೂ ತಲೆಗೆ ಹೋಗದ ಮಾತು ಬೆಲ್ಟಿನದು. ಎದುರಿಗೆ ಟ್ರೇ ಸಿಕ್ಕಿಸಿದ ಮೇಲೆ ಮಗು ಎಲ್ಲಿಗೆ ಹೋದೀತು ಎಂಬುದು ಎಲ್ಲರ ಧೈರ್ಯ. ಟ್ರೇ ಇರುವುದು ಬಟ್ಟಲು ಇಡುವುದಕ್ಕೆ. ಅದರ ಮೇಲೆ ಕೈಯೂರಿ ಎದ್ದು ನಿಂತ ಮಗು ಬಿದ್ದರೆ, ಮೈಗೆ ಹೋಲಿಸಿದಾಗ ತಲೆಯೇ ಭಾರವಾದ್ದರಿಂದ, ಸಾಮಾನ್ಯವಾಗಿ ಮೊದಲು ನೆಲಕ್ಕೆ ತಾಗುವುದು ತಲೆ. ಇದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದಿರುವುದು ಕೆಳಗಿನ ದಾರಿ: ನುಣುಪಾದ ಸೀಟಿನ ಮೇಲೆ ಸೊಂಟ ಮುಂದಕ್ಕೆ ಜಾರಿ, ಕಾಲುಗಳು ಕೆಳಗಿಳಿದು, ಟ್ರೇಗೂ ಸೀಟಿಗೂ ನಡುವಿನ ಸಂದಿಯಲ್ಲಿ ಕತ್ತು ಸಿಕ್ಕಿಕೊಳ್ಳಬಹುದು. ಕತ್ತು ಒತ್ತಿಹೋದ ಮಗು ಕೂಗಲಾರದು. ಒಲೆಯ ಕಡೆ ತಿರುಗಿ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಈ ಜಾರಿಕೆಯನ್ನು ತಡೆಯುವುದು ತೊಡೆಗಳ ನಡುವೆ ಬರುವ ಪಟ್ಟಿಯೇ ಹೊರತು ಸೊಂಟದ ಪಟ್ಟಿಯೊಂದೇ ಅಲ್ಲ.

ಒಬ್ಬ ಅಜ್ಜಿ, ದೊಡ್ಡ ಮೊಮ್ಮಗನ ಹಳೆಯ ಕುರ್ಚಿಯಲ್ಲಿ ಬೆಲ್ಟು ಕಳೆದುಹೋಗಿದ್ದರಿಂದ, ಚಿಕ್ಕವನನ್ನು ಸೊಸೆಯ ವೇಲಿನಿಂದ ಕಟ್ಟಿದ್ದರು. "ಗಟ್ಟಿಯಾಗೇ ಕಟ್ಟಿದ್ದೆ ಡಾಕ್ಟ್ರೇ" ಎಂದರು. ಮಗು ಜಾರಿದಂತೆಲ್ಲ ವೇಲು ಕಂಕುಳಿಗೇರಿತ್ತು. ಎದುರಿಗೇ ಕೂತಿದ್ದರಿಂದ ಎತ್ತಿಕೊಂಡರು. ಪ್ರೀತಿಯಲ್ಲಿ ಕಡಿಮೆಯಿಲ್ಲದ ಇಂಥವರನ್ನು ಗದರಲು ಮನಸ್ಸು ಬಾರದು, ಆದರೂ ಗದರಿದೆ. ಅದೇ ಮಾದರಿಯ ಬೆಲ್ಟು ಸಿಗದಿದ್ದರೆ ಆ ಕುರ್ಚಿಯನ್ನು ಬಿಟ್ಟು, ನೆಲದ ಮೇಲೆ ತೊಡೆಯಲ್ಲಿ ಕೂರಿಸಿಕೊಂಡು ಉಣಿಸುವುದೇ ಲೇಸು.

ಬೆಲ್ಟಿದ್ದವರ ಕಥೆ ಬೇರೆ: ರಾಗಿ ಸರಿ ಮೆತ್ತಿಕೊಂಡಿತೆಂದು ಒಗೆಯಲು ಬಿಚ್ಚಿದ್ದು ಬೀರು ಸೇರಿರುತ್ತದೆ, ಇಲ್ಲವೇ ಬಕಲಿನೊಳಗೆ ಸರಿ ಒಣಗಿ ಕೊಂಡಿ ಅರ್ಧಕ್ಕೇ ನಿಂತಿರುತ್ತದೆ. ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ. ಬೆಲ್ಟು ಹಾಕಿದರೆ ಅಳುತ್ತದೆ ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಮೊದಲ ದಿನದಿಂದಲೇ ಹಾಕಿದರೆ ಹೆಚ್ಚಿನ ಮಕ್ಕಳು ಒಗ್ಗಿಕೊಳ್ಳುತ್ತವೆ. ಬೆಲ್ಟಿದ್ದರೂ ಮಗುವನ್ನು ಒಂಟಿಯಾಗಿ ಬಿಡಬೇಡಿ. ಕಾಲಿನಿಂದ ಒದ್ದು ಕುರ್ಚಿ ಉರುಳಿಸಿಕೊಳ್ಳದಂತೆ ಗೋಡೆ, ಮೇಜುಗಳಿಂದ ದೂರವಿಡಿ.

ವರ್ಷ ತುಂಬದ ಮಗು ಕುರ್ಚಿಯಿಂದ ತಲೆ ಕೆಳಗಾಗಿ ಬಿದ್ದರೆ, ಗೆಲುವಾಗಿಯೇ ಕಂಡರೂ, ವೈದ್ಯರಿಗೆ ತೋರಿಸಿ. ವಾಂತಿ, ಎಬ್ಬಿಸಿದರೂ ಏಳದ ಮಂಪರು ಅಥವಾ ಸಮಾಧಾನವಾಗದ ಅಳುವಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆತನ್ನಿ.